ಗಡಿ ದಾಟಿ ಬಂದ ಮಕ್ಕಳು



ಹೈದರಾಬಾದ ವಿಮೋಚನೆಯ ಇತಿಹಾಸವನ್ನು ತಾವು ಅನೇಕ ಸಾರೆ ಓದಿದ್ದೀರಿ, ಕೇಳಿದ್ದೀರಿ. ಸ್ವಾಮಿ ರಮಾನಂದ ತೀರ್ಥರು, ಮುಂಡರಗಿ ಶಿಬಿರದ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡ ಶಿಬಿರದ ಪುಂಡಲೀಕಪ್ಪ ಜ್ಞಾನಮೋಠೆಯವರು ನಮ್ಮ ಭಾಗದ ಮನೆಮನೆಗೆ ಪರಿಚಿತರು. ಆದರೆ ಅದೇ ಕಾಲದಲ್ಲಿ ತಾಯಿಯ ಸೆರಗು ಹಿಡಿದುಕೊಂಡು ಗಡಿ ದಾಟಿದ ಮಕ್ಕಳನ್ನು ಕುರಿತು ಬರೆದ ಪುಟಗಳು ತೀರ ವಿರಳ. ಬಂದೂಕು ಹಿಡಿದವರ ಇತಿಹಾಸ ದೊರೆತಷ್ಟು ಸುಲಭವಾಗಿ ಪಾಟಿ ಹಿಡಿದವರ ಇತಿಹಾಸ ದೊರೆಯುವುದಿಲ್ಲ.

ಅಂದಿನ ಬಿಜಾಪುರ ಜಿಲ್ಲೆಯ ನಕಾಶೆಯನ್ನು ಒಮ್ಮೆ ಕಣ್ಣೆದುರು ತಂದುಕೊಳ್ಳಿರಿ. ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಇಂಡಿ, ಸಿಂದಗಿಗಳ ಆಚೆಗೆ ಅಫಜಲಪುರ, ಜೇವರ್ಗಿ. ಮುದ್ದೇಬಿಹಾಳದ ಆಚೆಗೆ ಸುರಪುರ, ಲಿಂಗಸೂಗೂರು. ಆಚೆಯದೆಲ್ಲ ನಿಜಾಮರ ರಾಜ್ಯ. ನಮ್ಮ ಹಿರಿಯರ ಮಾತಿನಲ್ಲಿ ಮೊಗಲಾಯಿ. ಈಚೆಗೂ ಆಚೆಗೂ ಬೀಗತನವಿತ್ತು, ಸಂತೆಯಿತ್ತು, ಜಾತ್ರೆಯಿತ್ತು. ಗಡಿಗೆ ತಾಗದ ಬಾಗೇವಾಡಿಗೆ, ಬಸವಣ್ಣನವರು ಜನಿಸಿದ ಆ ಕ್ಷೇತ್ರಕ್ಕೆ, ಆಚೆಯ ಭಕ್ತರು ನಡೆದುಕೊಂಡು ಬರುತ್ತಿದ್ದರು. ಆದುದರಿಂದ 1947ರ ಅನಂತರ ರಜಾಕಾರರ ಹಾವಳಿ ಹೆಚ್ಚಿದಾಗ ಜನರು ಅಪರಿಚಿತ ದೇಶಕ್ಕೆ ಓಡಿ ಬರಲಿಲ್ಲ. ಸೋದರಮಾವನ ಊರಿಗೆ, ಅಕ್ಕನ ಮನೆಗೆ, ಗುರುಮಠಕ್ಕೆ ಬಂದರು. ಇದನ್ನು ಮರೆತರೆ ಮುಂದಿನದು ಅರ್ಥವಾಗದು.

1948ರ ಮೇ ತಿಂಗಳು ವಿಶೇಷವಾಗಿ ಭೀಕರವಾಗಿತ್ತು. 9ನೆಯ ತಾರೀಖಿಗೆ ಬೀದರ ಜಿಲ್ಲೆಯ ಗೋರ್ಟಾದಲ್ಲಿ ಹತ್ಯಾಕಾಂಡ. 22ನೆಯ ತಾರೀಖಿಗೆ ಗಾಣಗಾಪುರ ನಿಲ್ದಾಣದಲ್ಲಿ ರೈಲಿನ ಪ್ರಯಾಣಿಕರ ಮೇಲೆ ದಾಳಿ. ಈ ಸುದ್ದಿಗಳು ಹಬ್ಬಿದ ಮೇಲೆ ಗಡಿಯ ಹಳ್ಳಿಗಳಲ್ಲಿ ರಾತ್ರಿ ಯಾರು ತಾನೆ ನಿಶ್ಚಿಂತರಾಗಿ ನಿದ್ರಿಸಿಯಾರು?

ಈಚೆಗೆ ಬಂದ ಮಗುವಿಗೆ ಶಾಲೆಯಲ್ಲಿ ಒಂದು ವಿಚಿತ್ರ ಅನುಭವ ಕಾದಿತ್ತು. ನಿಜಾಮರ ರಾಜ್ಯದಲ್ಲಿ ಉರ್ದುವಿಗೇ ಅಗ್ರಪೀಠ. 1918ರಲ್ಲಿ ಸ್ಥಾಪನೆಗೊಂಡ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ ನಡೆಯುತ್ತಿತ್ತು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಬೇಕಾಯಿತೆಂಬುದನ್ನು ತಾವು ಬಲ್ಲಿರಿ. ಅಂಥಲ್ಲಿಂದ ಬಂದ ಹುಡುಗನಿಗೆ ಇಲ್ಲಿ ಮಾಸ್ತರರು ತನ್ನ ಮನೆಯ ಮಾತಿನಲ್ಲಿಯೇ ಮಗ್ಗಿ ಹೇಳಿಸುತ್ತಿದ್ದರು. ಆದರೆ ಇದರಲ್ಲಿ ಒಂದು ಕಷ್ಟವೂ ಇತ್ತು. ಆಚೆ ನಾಲ್ಕನೆಯ ಇಯತ್ತೆ ಓದಿದವನಿಗೆ ಕನ್ನಡದ ಒತ್ತಕ್ಷರ ಬಾರದಿದ್ದರೆ ಅವನನ್ನು ಚಿಕ್ಕವರೊಡನೆ ಕೂಡಿಸಬೇಕಾಗುತ್ತಿತ್ತು. ಮನೆ ಕಳೆದುಕೊಂಡವನಿಗೆ ತರಗತಿಯನ್ನೂ ಕಳೆದುಕೊಂಡ ಅವಮಾನ. ಛಡಿಯೇ ವಿದ್ಯೆಯ ಸಾಧನವೆಂದು ಬಗೆದಿದ್ದ ಆ ಕಾಲದಲ್ಲಿ, ಬಾಗಿಲು ಬಡಿದರೆ ಬೆಚ್ಚುವ, ಕೇಳಿದರೆ ಉತ್ತರಿಸದ ಮಗುವು ದಡ್ಡನೆನ್ನಿಸಿಕೊಂಡಿರಲೂ ಸಾಕು. ಆ ಮೌನವು ದಡ್ಡತನವಲ್ಲ, ಭಯದ ಗಾಯವೆಂದು ತಿಳಿಸಿ ಹೇಳುವವರು ಆಗ ಹಳ್ಳಿಗಳಲ್ಲಿ ಇರಲಿಲ್ಲ.

ಪಾಶ್ಚಾತ್ಯರಲ್ಲಿ ಈ ತಿಳಿವು ಆಗತಾನೆ ಮೂಡುತ್ತಿತ್ತು. 1941ರಲ್ಲಿ, ಮಹಾಯುದ್ಧದ ನಡುವೆ, ಆನಾ ಫ್ರಾಯ್ಡ್ ಎಂಬ ವಿದುಷಿಯು ಡೊರೊಥಿ ಬರ್ಲಿಂಗ್‌ಹ್ಯಾಮ್ ಅವರೊಡನೆ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಶಿಶುಗೃಹಗಳನ್ನು ತೆರೆದಳು. ಬಾಂಬಿನ ಸದ್ದಿಗಿಂತ ತಾಯಿಯ ಅಗಲಿಕೆಯೇ ಎಳೆಯರನ್ನು ಹೆಚ್ಚು ಘಾಸಿಗೊಳಿಸುತ್ತದೆಂಬುದು ಅವರು ಕಂಡುಕೊಂಡ ಸಂಗತಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2001ರ ಗುಜರಾತ ಭೂಕಂಪ, 2002ರ ಅಲ್ಲಿಯ ಗಲಭೆ, 2004ರ ಸುನಾಮಿಗಳ ಸಂತ್ರಸ್ತರ ನಡುವೆ ಮಾಡಿದ ಕಾರ್ಯದಿಂದಲೂ ಈ ತಿಳಿವು ನಮ್ಮ ದೇಶದಲ್ಲಿ ಬೆಳೆದಿದೆ. ಇಂದಿನ ತಜ್ಞರ ಮಾತು ಇಷ್ಟೆ: ಮಗುವನ್ನು ತನ್ನವರಿಂದ ಅಗಲಿಸಬಾರದು, ಆದಷ್ಟು ಬೇಗ ಶಾಲೆಯನ್ನು ಆರಂಭಿಸಬೇಕು, ಆಟ, ಚಿತ್ರ, ಹಾಡುಗಳಿಗೆ ಎಡೆಯಿರಬೇಕು, ಕಂಡ ಘೋರವನ್ನು ಹೇಳೆಂದು ಒತ್ತಾಯಿಸಬಾರದು, ತಾನಾಗಿ ಹೇಳಿದರೆ ಕೇಳಬೇಕು.

ಇದನ್ನು ಓದುವಾಗ ನಮಗೆ ನಮ್ಮ ಪ್ರಸಾದನಿಲಯಗಳ ನೆನಪಾಗುತ್ತದೆ. ನಸುಕಿನ ಗಂಟೆ, ಸ್ನಾನ, ಪೂಜೆ, ಪಂಕ್ತಿಯ ಪ್ರಸಾದ, ಸಂಜೆಯ ಪ್ರಾರ್ಥನೆ. ನಿನ್ನೆಯಂತೆಯೇ ಇಂದೂ, ಇಂದಿನಂತೆಯೇ ನಾಳೆಯೂ ಊಟವಿದೆ, ಪಕ್ಕದಲ್ಲಿ ಮಲಗಲು ಗೆಳೆಯನಿದ್ದಾನೆ ಎಂಬ ಭರವಸೆಯು ಭಯಗೊಂಡ ಮಗುವಿಗೆ ಮೊದಲನೆಯ ಔಷಧ. ಹಳಕಟ್ಟಿಯವರು 1910ರಲ್ಲಿ ಸ್ಥಾಪಿಸಿದ ಬಿ.ಎಲ್.ಡಿ.ಇ. ಸಂಸ್ಥೆ, ಅದಕ್ಕೆ ಆಸರೆಯಾಗಿ ನಿಂತು ಹಳ್ಳಿಗಳಿಗೆ ಶಾಲೆ ತಂದ ಇಂಡಿ ಸೀಮೆಯ ಬಂಥನಾಳದ ಸಂಗನಬಸವ ಶಿವಯೋಗಿಗಳು ಈ ಮಣ್ಣನ್ನು ಹದಗೊಳಿಸಿದವರು. ಆದರೆ ಅಭಿಮಾನದ ಭರದಲ್ಲಿ ಒಂದನ್ನು ಮರೆಮಾಚಲಾಗದು: ಆ ಕಾಲದ ನಿಲಯಗಳ ಬಾಗಿಲು ಬಹುತೇಕ ಗಂಡುಮಕ್ಕಳಿಗೆ ಮಾತ್ರ ತೆರೆದಿತ್ತು. ಓಡಿಬಂದ ಹೆಣ್ಣುಮಗುವಿನ ಪಾಲಿಗೆ ಬಂಧುಗಳ ಮನೆಯ ಒಲೆ, ಕಸಬರಿಗೆಗಳೇ ಶಾಲೆ.

ಎಲ್ಲ ಮಕ್ಕಳೂ ಈಚೆಗೆ ಬರಲಿಲ್ಲ. ಭಾಲ್ಕಿ ತಾಲೂಕಿನ ವರವಟ್ಟಿಯಲ್ಲಿ 1948ರಲ್ಲಿ ರಜಾಕಾರರು ಹಚ್ಚಿದ ಬೆಂಕಿಯಲ್ಲಿ ತಾಯಿಯನ್ನು ಕಳೆದುಕೊಂಡ ಬಾಲಕನೊಬ್ಬನು ತಂದೆಯೊಡನೆ ಕಲಬುರ್ಗಿ ಸೇರಿ, ಅಲ್ಲಿಯ ನೂತನ ವಿದ್ಯಾಲಯದಲ್ಲಿ ಕಲಿತನು. ಅವರೇ ಮಲ್ಲಿಕಾರ್ಜುನ ಖರ್ಗೆಯವರು. ಅರ್ಧ ಶತಮಾನ ಸಾರ್ವಜನಿಕ ಜೀವನದಲ್ಲಿದ್ದವರ ಈ ಕಥೆಯನ್ನು ನಾಡಿನ ಬಹುಜನರು ಕೇಳಿದ್ದು 2022ರಲ್ಲಿ, ಅವರ ಮಗನ ಬಾಯಿಂದ. ಬಾಲ್ಯದ ಇಂಥ ನೋವು ಎಷ್ಟು ವರ್ಷ ಮೌನವಾಗಿರಬಲ್ಲದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಇನ್ನೊಂದು ಮಾತನ್ನು ಹೇಳದೆ ಬಿಟ್ಟರೆ ಈ ಲೇಖನವು ಅಪೂರ್ಣ. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಹೊಕ್ಕಿತು. 17ರಂದು ನಿಜಾಮರು ಶರಣಾದರು. ನಮ್ಮ ಕಡೆಗೆ ಬಂದಿದ್ದವರು ಮನೆಗೆ ಮರಳತೊಡಗಿದರು. ಅದೇ ವಾರಗಳಲ್ಲಿ ಆಚೆಯ ಮುಸಲ್ಮಾನ ಕುಟುಂಬಗಳ ಮೇಲೆ ಸೇಡಿನ ಹಿಂಸೆ ನಡೆಯಿತು. ಕೇಂದ್ರ ಸರಕಾರವೇ ಕಳುಹಿದ ಪಂಡಿತ ಸುಂದರಲಾಲ ಸಮಿತಿಯು 27 ಸಾವಿರದಿಂದ 40 ಸಾವಿರ ಜನ ಮಡಿದರೆಂದು ಅಂದಾಜಿಸಿತು. ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ಕಲಬುರ್ಗಿ, ಬೀದರಗಳೂ ಇದ್ದವು. ಆ ವರದಿ ದಶಕಗಳ ಕಾಲ ಕಪಾಟಿನಲ್ಲಿಯೇ ಉಳಿಯಿತು. ಮಡಿದವರಿಗೆ ಮಕ್ಕಳಿರಲಿಲ್ಲವೆ? ಮೇ ತಿಂಗಳಲ್ಲಿ ಓಡಿದ ಮಗುವಿನ ಎದೆಬಡಿತಕ್ಕೂ ಸೆಪ್ಟೆಂಬರಿನಲ್ಲಿ ಓಡಿದ ಮಗುವಿನ ಎದೆಬಡಿತಕ್ಕೂ ಅಂತರವೇನು? ಒಂದನ್ನು ಸ್ಮರಿಸಿ ಇನ್ನೊಂದನ್ನು ಮರೆಸುವ ಚರಿತ್ರೆಯನ್ನು ಬಸವಣ್ಣನವರ ಹೆಸರು ಹೇಳುವ ನಾವು ಬರೆಯಲಾರೆವು.

ಅಂದಿನ ಮಕ್ಕಳಲ್ಲಿ ಉಳಿದವರಿಗೆ ಈಗ ಎಂಬತ್ತು ದಾಟಿದೆ. ಆದರೆ ಹಳೆಯ ಕನ್ನಡ ಶಾಲೆಗಳಲ್ಲಿ ಜನರಲ್ ರಜಿಸ್ಟರ್ ಎಂಬ ದಪ್ಪ ಪುಸ್ತಕವಿರುತ್ತದೆ. ಮಗುವಿನ ಹೆಸರು, ತಂದೆಯ ಹೆಸರು, ಹಿಂದಿನ ಶಾಲೆ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಎಲ್ಲಕ್ಕೂ ಅಲ್ಲಿ ಅಂಕಣಗಳುಂಟು. ನಮ್ಮ ಮಠದಲ್ಲಿ ಕಲಿತು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಶಾಲೆಗಳಲ್ಲಿ ಶಿಕ್ಷಕರಾಗಿರುವವರು 1947 ಮತ್ತು 1948ರ ಪುಟಗಳನ್ನು ತೆರೆದು ನೋಡಿರಿ. ನಡುವರ್ಷದಲ್ಲಿ ಆಚೆಯ ಊರಿನಿಂದ ಬಂದು, ದೀಪಾವಳಿಯ ಹೊತ್ತಿಗೆ ಹೆಸರು ತೆಗೆಸಿದ ಮಕ್ಕಳು ಕಂಡರೆ ಊರನ್ನೂ ದಿನಾಂಕವನ್ನೂ ಬರೆದುಕೊಂಡು ನಮಗೆ ತಿಳಿಸಿರಿ. ಗೆದ್ದಲು ಹಿಡಿಯುವ ಮೊದಲು ಆ ಪುಸ್ತಕಗಳಿಗೆ ರಟ್ಟು ಕಟ್ಟಿಸುವ ವೆಚ್ಚವನ್ನು ಶ್ರೀಮಠವು ವಹಿಸಿಕೊಳ್ಳುವುದು.