ಯೋನಿಯ ಲ್ಯಾಕ್ಟೊಬ್ಯಾಸಿಲಸ್‌ಗಳು ಮತ್ತು ಕ್ಯಾಂಡಿಡಾ ಸೋಂಕು

ಪ್ರಾಯದ ಹೆಂಗಸರ ಯೋನಿಯಲ್ಲಿ ಸಹಜವಾಗಿ ನೆಲೆಸಿ, ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸಿ ರೋಗಾಣುಗಳನ್ನು ದೂರವಿಡುವ ಕೋಲಿನಾಕಾರದ ಬ್ಯಾಕ್ಟೀರಿಯಾಗಳು ಲ್ಯಾಕ್ಟೊಬ್ಯಾಸಿಲಸ್ ಕುಲಕ್ಕೆ ಸೇರಿದವು. ಕ್ಯಾಂಡಿಡಾ ಎಂಬ ಯೀಸ್ಟ್ ಕೂಡ ಅನೇಕರಲ್ಲಿ ಅದೇ ಜಾಗದಲ್ಲಿ ಯಾವ ಉಪದ್ರವವನ್ನೂ ಕೊಡದೆ ಇರುತ್ತದೆ. ಈ ಹದ ಕೆಟ್ಟು ಯೀಸ್ಟ್ ಮೇಲುಗೈ ಪಡೆದಾಗ ತುರಿಕೆ, ಉರಿ, ಮೊಸರಿನ ಗರಣೆಯಂತಹ ಬಿಳಿ ಸ್ರಾವ ಕಾಣಿಸಿಕೊಳ್ಳುತ್ತವೆ. ಸುಮಾರು ನಾಲ್ವರಲ್ಲಿ ಮೂವರು ಹೆಂಗಸರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ಸೋಂಕು ತಗಲುತ್ತದೆ.

ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳ ಚರಿತ್ರೆ ಬಹುಕಾಲ ಬೇರೆ ಬೇರೆಯಾಗಿಯೇ ಸಾಗಿತು. ಯೋನಿಯ ಯೀಸ್ಟ್ ಸೋಂಕನ್ನು ಇಂಗ್ಲೆಂಡಿನ ವೈದ್ಯ ವಿಲ್ಕಿನ್‌ಸನ್ 1849ರಲ್ಲಿ ವಿವರಿಸಿದ. 1853ರಲ್ಲಿ ಫ್ರಾನ್ಸಿನ ಶಾರ್ಲ್ ರಾಬಿನ್ ಆ ಶಿಲೀಂಧ್ರಕ್ಕೆ ಓಯಿಡಿಯಂ ಆಲ್ಬಿಕನ್ಸ್ ಎಂದು ಹೆಸರಿಟ್ಟ. ಕ್ಯಾಂಡಿಡಾ ಎಂಬ ಕುಲನಾಮ ಬಂದದ್ದು 1923ರಲ್ಲಿ, ಡಚ್ ವಿಜ್ಞಾನಿ ಕ್ರಿಸ್ಟೀನ್ ಬರ್ಕ್‌ಹೌಟ್ ಅವರ ಡಾಕ್ಟರೇಟ್ ಪ್ರಬಂಧದಿಂದ. ಇತ್ತ ಜರ್ಮನಿಯ ಸ್ತ್ರೀರೋಗ ತಜ್ಞ ಆಲ್ಬರ್ಟ್ ಡೋಡರ್ಲೈನ್, ಬಾಣಂತಿ ಜ್ವರದ ಮೂಲ ಹುಡುಕುತ್ತ, ಆರೋಗ್ಯವಂತ ಹೆಂಗಸರ ಯೋನಿಸ್ರಾವದಲ್ಲಿ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಾಗಳನ್ನು ಕಂಡು 1892ರಲ್ಲಿ ಗ್ರಂಥ ಪ್ರಕಟಿಸಿದ. ಬ್ಯಾಕ್ಟೀರಿಯಾ ಎಂದರೆ ರೋಗ ಎಂದೇ ವೈದ್ಯಲೋಕ ನಂಬುತ್ತಿದ್ದ ದಶಕದಲ್ಲಿ, ದೇಹವನ್ನು ಕಾಯುವ ಬ್ಯಾಕ್ಟೀರಿಯಾ ಇದೆ ಎಂದು ಹೇಳಿದ್ದು ಸಣ್ಣ ಮಾತಲ್ಲ. 1928ರಲ್ಲಿ ಸಂಶೋಧಕ ಸ್ಟ್ಯಾನ್ಲಿ ಥಾಮಸ್ ಡೋಡರ್ಲೈನ್ ಕಂಡ ಬ್ಯಾಕ್ಟೀರಿಯಾವನ್ನು ಲ್ಯಾಕ್ಟೊಬ್ಯಾಸಿಲಸ್ ಅಸಿಡೊಫಿಲಸ್ ಎಂದು ಗುರುತಿಸಿದ. ಮುಂದೆ 1980ರ ಡಿಎನ್ಎ ಹೋಲಿಕೆಗಳು ಆ ಒಂದು ಹೆಸರಿನಡಿ ಹಲವು ಪ್ರಭೇದಗಳು ಅಡಗಿದ್ದವೆಂದು ತೋರಿಸಿದವು.

ರಕ್ಷಣೆಯ ಕೆಲಸ ಈಸ್ಟ್ರೋಜನ್‌ನಿಂದ ಶುರುವಾಗುತ್ತದೆ. ಈ ಹಾರ್ಮೋನಿನ ಪ್ರಭಾವದಲ್ಲಿ ಯೋನಿಯ ಒಳಪದರದ ಕೋಶಗಳು ಗ್ಲೈಕೋಜನ್ ಕೂಡಿಡುತ್ತವೆ. ಕೋಶಗಳು ಉದುರಿದಾಗ ಗ್ಲೈಕೋಜನ್ ಒಡೆದು ಸರಳ ಸಕ್ಕರೆಗಳಾಗುತ್ತದೆ. ಬ್ಯಾಕ್ಟೀರಿಯಾಗಳು ಅವನ್ನು ಲ್ಯಾಕ್ಟಿಕ್ ಆಮ್ಲವಾಗಿಸಿ ಅಲ್ಲಿನ ಪಿಹೆಚ್ ಮಟ್ಟವನ್ನು ಸುಮಾರು 3.8ರಿಂದ 4.5ರ ನಡುವೆ ಇಡುತ್ತವೆ. ಹಲವು ರೋಗಕಾರಕ ಬ್ಯಾಕ್ಟೀರಿಯಾಗಳಿಗೆ ಅಷ್ಟು ಹುಳಿ ತಡೆಯುವುದಿಲ್ಲ. ಕ್ಯಾಂಡಿಡಾ ಮಾತ್ರ ತಡೆದುಕೊಳ್ಳುತ್ತದೆ. ಜನಪ್ರಿಯ ಬರಹಗಳಲ್ಲಿ ಬಿಟ್ಟುಹೋಗುವ ಮುಖ್ಯ ಸಂಗತಿ ಇದೇ: ಯೀಸ್ಟ್ ಸೋಂಕಿನಲ್ಲಿ ಪಿಹೆಚ್ ಬಹುತೇಕ ಸಹಜವಾಗಿಯೇ ಇರುತ್ತದೆ, ಲ್ಯಾಕ್ಟೊಬ್ಯಾಸಿಲಸ್‌ಗಳೂ ಎಷ್ಟೋ ಸಲ ಸಾಕಷ್ಟಿರುತ್ತವೆ. ಹಾಗಾಗಿ ಹುಳಿಯೊಂದೇ ಕಾವಲು ಎನ್ನುವ ಹಳೆಯ ವಿವರಣೆ ಸಾಲದು.

ಉಳಿದ ಉತ್ತರ ಯೀಸ್ಟಿನ ರೂಪಾಂತರದಲ್ಲಿದೆ. ದುಂಡು ಕೋಶಗಳಾಗಿರುವ ಕ್ಯಾಂಡಿಡಾ ಆಲ್ಬಿಕನ್ಸ್, ಎಳೆಗಳಾಗಿ ಬೆಳೆದಾಗ ಅಂಗಾಂಶಕ್ಕೆ ನುಗ್ಗುತ್ತದೆ. ಆ ಎಳೆಗಳು ಕ್ಯಾಂಡಿಡಾಲೈಸಿನ್ ಎಂಬ ವಿಷವನ್ನು ಸ್ರವಿಸುತ್ತವೆಂದು 2016ರಲ್ಲಿ ತಿಳಿಯಿತು. ಲ್ಯಾಕ್ಟೊಬ್ಯಾಸಿಲಸ್‌ಗಳು ಸ್ರವಿಸುವ ಒಂದು ಚಿಕ್ಕ ಅಣು ಎಳೆ ಮೂಡುವುದನ್ನೇ ತಡೆಯುತ್ತದೆ ಎಂದು 2021ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಒಳಪದರಕ್ಕೆ ಅಂಟಿಕೊಂಡು ಯೀಸ್ಟಿಗೆ ಜಾಗ ಸಿಗದಂತೆ ಮಾಡುವುದೂ ಇವುಗಳ ಕೆಲಸ. ಎಲ್ಲ ಪ್ರಭೇದಗಳೂ ಇದರಲ್ಲಿ ಸಮಾನವಲ್ಲ: ಕ್ರಿಸ್ಪೇಟಸ್ ಬಲವಾದ ರಕ್ಷಕ, 1999ರಲ್ಲಿ ಗುರುತಾದ ಇನರ್ಸ್ ಅಷ್ಟು ನೆಚ್ಚುವಂಥದಲ್ಲ. 2011ರಲ್ಲಿ ಜಾಕ್ ರಾವೆಲ್ ತಂಡ ಉತ್ತರ ಅಮೆರಿಕದ 396 ಹೆಂಗಸರನ್ನು ಪರೀಕ್ಷಿಸಿ ಯೋನಿಯ ಬ್ಯಾಕ್ಟೀರಿಯಾ ಸಮುದಾಯಗಳನ್ನು ಐದು ಗುಂಪಾಗಿ ವಿಂಗಡಿಸಿತು. ನಾಲ್ಕರಲ್ಲಿ ಲ್ಯಾಕ್ಟೊಬ್ಯಾಸಿಲಸ್‌ಗಳದೇ ಪ್ರಾಬಲ್ಯ.

ಆಂಟಿಬಯೋಟಿಕ್ ಸೇವನೆ, ಗರ್ಭಧಾರಣೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಸೋಂಕಿಗೆ ದಾರಿ ಮಾಡಿಕೊಡುತ್ತವೆ. ಔಷಧದ ಕಡೆಯಿಂದ ದೊಡ್ಡ ತಿರುವು 1950ರಲ್ಲಿ ಬಂತು: ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ಮಣ್ಣಿನ ಸೂಕ್ಷ್ಮಜೀವಿಯಿಂದ ನಿಸ್ಟಾಟಿನ್ ಎಂಬ ಶಿಲೀಂಧ್ರನಾಶಕವನ್ನು ಪಡೆದರು. ಬಳಿಕ ಕ್ಲೋಟ್ರಿಮಜೋಲ್, ಫ್ಲೂಕೊನಜೋಲ್ ಬಂದವು. ಬ್ಯಾಕ್ಟೀರಿಯಾಗಳನ್ನೇ ಔಷಧವಾಗಿ ಕೊಡುವ ಪ್ರಯತ್ನಕ್ಕೆ ಅಷ್ಟು ಖಚಿತ ಫಲ ಸಿಕ್ಕಿಲ್ಲ. ಅಸಿಡೊಫಿಲಸ್ ಸೇರಿಸಿದ ಮೊಸರಿನಿಂದ ಸೋಂಕು ಮರುಕಳಿಸುವುದು ಕಡಿಮೆಯಾಯಿತೆಂದು 1992ರ ಚಿಕ್ಕ ಅಧ್ಯಯನವೊಂದು ಹೇಳಿತು. ಆಂಟಿಬಯೋಟಿಕ್ ಸೇವಿಸುತ್ತಿದ್ದ ಹೆಂಗಸರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಯೀಸ್ಟನ್ನು ತಡೆಯಲಿಲ್ಲವೆಂದು 2004ರ ಆಸ್ಟ್ರೇಲಿಯಾದ ಪ್ರಯೋಗ ಕಂಡಿತು. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2017ರ ಕಾಕ್ರೇನ್ ವಿಮರ್ಶೆ, ಔಷಧದ ಜೊತೆಗೆ ಕೊಟ್ಟರೆ ಅಲ್ಪಾವಧಿಯ ಗುಣ ಹೆಚ್ಚಬಹುದು, ಆದರೆ ಪುರಾವೆ ದುರ್ಬಲ ಎಂದಿತು. ಮನೆಯ ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಬಹುಪಾಲು ಬೇರೆ ಬಗೆಯವು. ಮೊಸರು ಒಳ್ಳೆಯ ಆಹಾರ, ಆದರೆ ಈ ಸೋಂಕಿನ ಮದ್ದಲ್ಲ.

ಕರ್ನಾಟಕದಲ್ಲಿ ಈ ವಿಷಯ ಹಳೆಯ ಮೌನದಿಂದ ಹೊರಬಂದದ್ದು ಸಮೀಕ್ಷೆಗಳ ಮೂಲಕ. ರಾಜ್ಯದ 3,600 ತಾಯಂದಿರನ್ನು ಕೇಳಿದ, 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಪಾಲು ಹೆಂಗಸರು ಸ್ತ್ರೀರೋಗದ ಯಾವುದಾದರೊಂದು ಲಕ್ಷಣ ಹೇಳಿಕೊಂಡರು. ಮೈಸೂರಿನ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ಸಂಶೋಧಕರು ತರುಣಿಯರನ್ನು ಆರು ತಿಂಗಳು ಅನುಸರಿಸಿ, ಪ್ರಯೋಗಾಲಯದ ಪರೀಕ್ಷೆಯೊಂದಿಗೆ ನಡೆಸಿದ ಕ್ಯಾಂಡಿಡಾ ಅಧ್ಯಯನ 2012ರಲ್ಲಿ ಪ್ರಕಟವಾಯಿತು.

ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಬಟ್ಟೆ ಒಣಗುವುದೇ ಕಷ್ಟ. ಸದಾ ತೇವವಾಗಿರುವ ಚರ್ಮ ಶಿಲೀಂಧ್ರಗಳಿಗೆ ಅನುಕೂಲ. ಇಲ್ಲಿನ ಮಾತಿನಲ್ಲಿ ಬಿಳಿಸೆರಗು ಎಂದರೆ ಎಲ್ಲ ಬಗೆಯ ಸ್ರಾವವೂ ಸೇರುತ್ತದೆ, ಕಾರಣ ಉಷ್ಣ ಅಥವಾ ನಿಶ್ಶಕ್ತಿ ಎಂದು ಹೇಳುವುದುಂಟು. ಸಹಜ ಸ್ರಾವಕ್ಕೆ ಚಿಕಿತ್ಸೆ ಬೇಕಿಲ್ಲ. ಸೋಪು, ಡೆಟಾಲ್‌ಗಳಿಂದ ಒಳಗೆ ತೊಳೆದರೆ ಸಹಜ ಸಮತೋಲನವೇ ಕದಡುತ್ತದೆ. ದೇಶದ ಸರ್ಕಾರಿ ಆರೋಗ್ಯ ವ್ಯವಸ್ಥೆ ಪ್ರಯೋಗಾಲಯವಿಲ್ಲದ ಕಡೆಗೂ ಸಲ್ಲುವಂತೆ ಲಕ್ಷಣ ನೋಡಿ ಮದ್ದು ಕೊಡುವ ಕ್ರಮವನ್ನು ರೂಪಿಸಿದೆ: ಯೋನಿಸ್ರಾವಕ್ಕೆ ಹಸಿರು ಬಣ್ಣದ ಎರಡನೇ ಕಿಟ್, ಅದರಲ್ಲಿ 2 ಗ್ರಾಂ ಸೆಕ್ನಿಡಜೋಲ್ ಮತ್ತು 150 ಮಿಲಿಗ್ರಾಂ ಫ್ಲೂಕೊನಜೋಲ್. ಗರ್ಭಿಣಿಯರಿಗೆ ಬಾಯಿಯ ಮೂಲಕ ಫ್ಲೂಕೊನಜೋಲ್ ಕೊಡುವುದಿಲ್ಲ. ಅವರಿಗೆ ಯೋನಿಯಲ್ಲಿ ಇಡುವ ಕ್ಲೋಟ್ರಿಮಜೋಲ್ ಬಳಸುತ್ತಾರೆ. ಪಿಹೆಚ್ ಕಾಗದದ ಪರೀಕ್ಷೆಯಲ್ಲಿ 4.5ಕ್ಕಿಂತ ಮೇಲೆ ಬಂದರೆ ಕ್ಯಾಂಡಿಡಾಕ್ಕಿಂತ ಬೇರೆ ಕಾರಣ ಹುಡುಕಬೇಕು. ಪದೇ ಪದೇ ಮರುಕಳಿಸುವ ಸೋಂಕಿಗೆ ಸಕ್ಕರೆ ಪರೀಕ್ಷೆಯೂ, ಯೀಸ್ಟಿನ ಪ್ರಭೇದ ಗುರುತಿಸುವ ಕಲ್ಚರ್ ಪರೀಕ್ಷೆಯೂ ಅಗತ್ಯ, ಏಕೆಂದರೆ ಗ್ಲಾಬ್ರಾಟಾದಂತಹ ಪ್ರಭೇದಗಳು ಫ್ಲೂಕೊನಜೋಲ್‌ಗೆ ಸುಲಭವಾಗಿ ಬಗ್ಗುವುದಿಲ್ಲ.