ಕಟ್ಟಿಗೆಯ ರಥ

ಇದ್ದುದನ್ನು ಬಿಟ್ಟುಕೊಟ್ಟವರ ಮಾತು ಬಂದಾಗಲೆಲ್ಲ ಮಾಧ್ವರ ಮನೆಗಳಲ್ಲಿ ಮೊದಲು ನೆನಪಾಗುವವರು ಶ್ರೀ ಪುರಂದರದಾಸರು. ನವಕೋಟಿ ನಾರಾಯಣನೆಂದು ಹೆಸರಾದ ಶ್ರೀನಿವಾಸ ನಾಯಕರು, ಪತ್ನಿ ಸರಸ್ವತೀಬಾಯಿಯವರು ಬಡ ಬ್ರಾಹ್ಮಣನಿಗೆ ಕೊಟ್ಟ ಮೂಗುತಿಯ ನಿಮಿತ್ತದಿಂದ ಕಣ್ತೆರೆದು, ಸಮಸ್ತ ಸಂಪತ್ತನ್ನೂ ದಾನ ಮಾಡಿ ವಿಜಯನಗರಕ್ಕೆ ನಡೆದು, 1525ರಲ್ಲಿ ಶ್ರೀ ವ್ಯಾಸತೀರ್ಥರಿಂದ ದಾಸದೀಕ್ಷೆ ಪಡೆದರೆಂಬುದು ಸಂಪ್ರದಾಯ. ಎಲ್ಲರೂ ಬಲ್ಲ ಈ ಕಥೆಯನ್ನು ವಿಸ್ತರಿಸುವ ಅಗತ್ಯವಿಲ್ಲ. ಆದರೆ ಕಥೆ ಕೇಳಿದ ಹುಡುಗರು ಕೆಲವೊಮ್ಮೆ ಎತ್ತುವ ಪ್ರಶ್ನೆಯೊಂದಿದೆ. ಕೊಟ್ಟುಬಿಡುವುದೇ ಅಷ್ಟು ದೊಡ್ಡದಾದರೆ, ಅದೇ ಪರಂಪರೆಯ ಮಠಗಳ ಉಗ್ರಾಣಗಳಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಕೊಪ್ಪರಿಗೆಗಳನ್ನು ತುಂಬಿಡುವುದೇಕೆ? ಹಿರಿಯರು ಗದರಿಸಿ ಸುಮ್ಮನಾಗಿಸುವುದುಂಟು. ಪ್ರಶ್ನೆ ಮಾತ್ರ ನ್ಯಾಯವಾದದ್ದೇ.

ಇದಕ್ಕೆ ಉತ್ತರದ ಬೀಜ ಶ್ರೀಮದಾಚಾರ್ಯರ ಈಶಾವಾಸ್ಯ ಭಾಷ್ಯದಲ್ಲಿದೆ. ಆ ಉಪನಿಷತ್ತಿನ ಮೊದಲ ಮಂತ್ರದಲ್ಲಿ ಬರುವ ‘ತ್ಯಕ್ತ’ ಎಂಬ ಪದಕ್ಕೆ ತ್ಯಾಗವೆಂದು ಅರ್ಥ ಹೇಳುವ ವ್ಯಾಖ್ಯಾನಗಳುಂಟು. ಆಚಾರ್ಯರು ಅದನ್ನು ‘ಅವನಿಂದ ಕೊಡಲ್ಪಟ್ಟದ್ದು’ ಎಂದು ಗ್ರಹಿಸುತ್ತಾರೆ. ಜಗತ್ತೆಲ್ಲವೂ ಸ್ವತಂತ್ರನಾದ ಶ್ರೀಹರಿಯ ಅಧೀನ, ಆದುದರಿಂದ ಎಲ್ಲವೂ ಅವನದೇ. ಅವನು ಕೊಟ್ಟುದರಿಂದ ಬಾಳು, ಇತರರನ್ನು ಯಾಚಿಸಬೇಡ ಎಂಬುದು ಆ ವಿವರಣೆಯ ಸಾರ. ಹೀಗೆ ನೋಡಿದರೆ ಮನೆಯಲ್ಲಾಗಲಿ ಮಠದಲ್ಲಾಗಲಿ ವಸ್ತು ಎಷ್ಟಿದೆ ಎಂಬ ಲೆಕ್ಕ ಎರಡನೆಯದಾಗುತ್ತದೆ. ಇದು ಯಾರದು, ಏತಕ್ಕಾಗಿ ಬಂದದ್ದು, ಅದಕ್ಕೇ ಸಲ್ಲುತ್ತಿದೆಯೇ ಎಂಬುದು ಮೊದಲು. ಪುರಂದರದಾಸರ ಗುರುಗಳಾದ ಶ್ರೀ ವ್ಯಾಸತೀರ್ಥರು ಶ್ರೀಕೃಷ್ಣದೇವರಾಯನ ದತ್ತಿಗಳನ್ನು ನಿರಾಕರಿಸಲಿಲ್ಲ; ಇಂದಿನ ಆಂಧ್ರಪ್ರದೇಶಕ್ಕೆ ಸೇರಿದ ಬೆಟ್ಟಕೊಂಡದಲ್ಲಿ ಅವರು ಕಟ್ಟಿಸಿದ ಕೆರೆಗೆ ವ್ಯಾಸಸಮುದ್ರವೆಂದು ಹೆಸರಾಯಿತು. ಶಿಷ್ಯರು ಕೊಟ್ಟು ಬರಿಗೈಯಾದರು, ಗುರುಗಳು ಪಡೆದು ನೀರಾಗಿಸಿದರು.

ಈ ವಿಚಾರವನ್ನು ಒಂದು ವ್ಯವಸ್ಥೆಯಾಗಿ ಕಾಣಬೇಕಾದರೆ ಉಡುಪಿಗೆ ಹೋಗಬೇಕು. ಆಚಾರ್ಯರು ಶ್ರೀಕೃಷ್ಣನ ಪೂಜೆಯನ್ನು ಎಂಟು ಮಂದಿ ಯತಿಶಿಷ್ಯರಿಗೆ ವಹಿಸಿದಾಗ ಒಬ್ಬೊಬ್ಬರ ಸರದಿ ಎರಡೆರಡು ತಿಂಗಳದಾಗಿತ್ತು. ಎಂದರೆ ಹದಿನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಸರದಿ ಮರಳಿ ಬರುತ್ತಿತ್ತು. ಕಾಲ್ನಡಿಗೆಯ ಆ ಕಾಲದಲ್ಲಿ ಉತ್ತರದ ಕ್ಷೇತ್ರಗಳಿಗೆ ಸಂಚಾರ ಹೊರಟ ಯತಿಗಳು ಅಷ್ಟರಲ್ಲಿ ಹಿಂದಿರುಗುವುದು ಸುಲಭವಲ್ಲ. ಪಾಠಪ್ರವಚನ, ಶಿಷ್ಯಸಂಪರ್ಕ, ಸಾಮಗ್ರಿ ಸಂಗ್ರಹ ಯಾವುದಕ್ಕೂ ಬಿಡುವಿಲ್ಲ. ಸೋದೆ ಮಠದ ಶ್ರೀ ವಾದಿರಾಜತೀರ್ಥರು ಸರದಿಯನ್ನು ಎರಡು ವರ್ಷಗಳಿಗೆ ಏರಿಸಿದರು. ಎರಡು ವರ್ಷಗಳ ಮೊದಲ ಪರ್ಯಾಯ 1522ರಲ್ಲಿ ಪಲಿಮಾರು ಮಠದಿಂದ ಆರಂಭವಾಯಿತು. ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ ಎಂಬ ಕ್ರಮದಲ್ಲಿ ಹದಿನಾರು ವರ್ಷಗಳಿಗೊಂದು ಸುತ್ತು. 2018ರ ಜನವರಿಯಲ್ಲಿ ಪೇಜಾವರ ಮಠದ ಪರ್ಯಾಯ ಮುಗಿದು ಸರದಿ ಮತ್ತೆ ಪಲಿಮಾರಿಗೆ ಬಂದಾಗ ಮೂವತ್ತೊಂದು ಸುತ್ತುಗಳು, ಎಂದರೆ 248 ಪರ್ಯಾಯಗಳು ಪೂರ್ಣಗೊಂಡಿದ್ದವು. ನಾಲ್ಕೂ ಮುಕ್ಕಾಲು ಶತಮಾನ ಕಳೆದು ಇನ್ನೂ ಇಪ್ಪತ್ತೊಂದು ವರ್ಷ ನಡೆದುಬಂದ ವೇಳಾಪಟ್ಟಿ ಇದು. ವಾದಿರಾಜರು ಅವಧಿಯನ್ನು ಹನ್ನೆರಡು ಪಟ್ಟು ಹಿಗ್ಗಿಸಿದರೂ ಅದಕ್ಕೊಂದು ಕೊನೆಯ ದಿನವನ್ನು ಉಳಿಸಿಯೇ ಹಿಗ್ಗಿಸಿದರೆಂಬುದನ್ನು ಗಮನಿಸಬೇಕು.

ಸಿದ್ಧತೆ ಒಂದು ವರ್ಷಕ್ಕೂ ಮೊದಲೇ ಆರಂಭವಾಗುತ್ತದೆ. ಮೊದಲು ಬಾಳೆ ಮುಹೂರ್ತ: ಎಲೆಗೂ ಹಣ್ಣಿಗೂ ಬೇಕಾದ ಬಾಳೆಯ ಕಂದುಗಳನ್ನೂ ಅರ್ಚನೆಗೆ ಬೇಕಾದ ತುಳಸಿಯ ಸಸಿಗಳನ್ನೂ ನೆಡುವುದು. ಬಳಿಕ ಅಕ್ಕಿ ಮುಹೂರ್ತ, ಅನಂತರ ಕಟ್ಟಿಗೆ ಮುಹೂರ್ತ, ಕೊನೆಯಲ್ಲಿ ಭತ್ತ ಮುಹೂರ್ತ. ಬಾಳೆಗಿಡ ಬೆಳೆಯಲು ಬೇಕಾದ ಕಾಲವೆಷ್ಟು, ಹಸಿ ಸೌದೆ ಒಣಗಲು ಬೇಕಾದ ಕಾಲವೆಷ್ಟು ಎಂಬ ತಿಳಿವಳಿಕೆ ಈ ಕ್ರಮದ ಹಿಂದಿದೆ. ಆ ಕಟ್ಟಿಗೆಯನ್ನು ಒಂದು ಮೂಲೆಯಲ್ಲಿ ರಾಶಿ ಸುರಿಯುವುದಿಲ್ಲ. ಮಧ್ವಸರೋವರದ ಬಳಿ ಸಾಲು ಸಾಲಾಗಿ ಜೋಡಿಸುತ್ತ, ಎತ್ತರಿಸುತ್ತ, ಮೇಲೆ ಶಿಖರವಿಟ್ಟು ರಥದ ಆಕಾರ ಕೊಡುತ್ತಾರೆ. ರಾಶಿ ಬಿದ್ದ ಸೌದೆ ಒಳಗೊಳಗೇ ಮುಗ್ಗುತ್ತದೆ, ಗೆದ್ದಲು ಹಿಡಿಯುತ್ತದೆ, ಎಷ್ಟಿದೆಯೆಂದು ಕಣ್ಣಳತೆಗೂ ಸಿಗುವುದಿಲ್ಲ. ಜೋಡಿಸಿದ ಸೌದೆಗೆ ಗಾಳಿ ಹಾಯುತ್ತದೆ. ಆದರೆ ಇಷ್ಟೇ ಕಾರಣವಾಗಿದ್ದರೆ ಶಿಖರ ಬೇಕಾಗಿರಲಿಲ್ಲ. ಒಲೆಗೆ ಹೋಗಲಿರುವ ಸೌದೆಗೂ ದೇವರ ತೇರಿನ ರೂಪ ಕೊಟ್ಟ ಮನಸ್ಸನ್ನು ಬರಿಯ ಅಚ್ಚುಕಟ್ಟುತನವೆಂದು ಕರೆಯಲಾಗದು. ಉಡುಪಿಯ ಕೃಷ್ಣನನ್ನು ಅನ್ನಬ್ರಹ್ಮನೆಂದು ಕರೆದ ನಾಡಿನಲ್ಲಿ ಅಡುಗೆಯ ಸೌದೆಯೂ ಪೂಜಾಸಾಮಗ್ರಿಯೇ. ಬೀದಿಯಲ್ಲಿ ಎಳೆಯುವ ತೇರು ಮರಳಿ ನೆಲೆಗೆ ಬರುತ್ತದೆ; ಈ ತೇರು ಊಟವಾಗಿ ಮುಗಿಯುತ್ತದೆ.

ಈ ವ್ಯವಸ್ಥೆ ಕಷ್ಟವನ್ನೇ ಕಾಣಲಿಲ್ಲವೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. ಬಹುಕಾಲ ಮಠಗಳ ಉಗ್ರಾಣಕ್ಕೆ ಗೇಣಿಯ ಅಕ್ಕಿ ದೊಡ್ಡ ಆಧಾರವಾಗಿತ್ತು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಗೇಣಿಪದ್ಧತಿ ಅಳಿದು, ಉಳುವವನೇ ಹೊಲದೊಡೆಯನಾದಾಗ ಆ ಆಧಾರ ಕುಸಿಯಿತು. ಮಠಗಳ ಹಿತೈಷಿಗಳಿಗೆ ಅದು ಆಘಾತವೇ. ಆದರೆ ಆ ಗದ್ದೆಗಳಲ್ಲಿ ತಲೆಮಾರುಗಳಿಂದ ದುಡಿದವರ ನ್ಯಾಯವೂ ಒಂದಿತ್ತು. ಎಲ್ಲವೂ ಹರಿಯದೇ ಎಂಬ ಸಿದ್ಧಾಂತವನ್ನು ಒಪ್ಪಿದವರು ಅದನ್ನು ಮರೆಯುವಂತಿಲ್ಲ. ಪರ್ಯಾಯ ನಿಲ್ಲಲಿಲ್ಲ. ಗದ್ದೆಯ ಗೇಣಿ ನಿಂತಲ್ಲಿ ಭಕ್ತರ ಹೊರೆಕಾಣಿಕೆಯ ಆಸರೆ ಹಿರಿದಾಯಿತು. ಊರೂರುಗಳಿಂದ ಅಕ್ಕಿ, ತೆಂಗಿನಕಾಯಿ, ಬೆಲ್ಲ, ತರಕಾರಿಗಳು ಮೆರವಣಿಗೆಯಲ್ಲಿ ಬರುತ್ತವೆ. ಗೇಣಿ ಕರಾರಿನಿಂದ ಬರುತ್ತಿತ್ತು, ಹೊರೆಕಾಣಿಕೆ ಮನಸ್ಸಿನಿಂದ ಬರುತ್ತದೆ.

ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲೆಸಿದವರಿಗೂ ಹೊರೆಕಾಣಿಕೆಯ ಅರ್ಥ ತಿಳಿಯದ್ದಲ್ಲ. ಎರಡು ಕೋಣೆಗಳ ಮನೆಯ ಅಟ್ಟದಲ್ಲಿ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಹಿತ್ತಾಳೆಯ ಹಂಡೆ, ಕೊಳಗ, ದೊಡ್ಡ ತಪ್ಪಲೆಗಳು ಎಷ್ಟೋ ಕುಟುಂಬಗಳಲ್ಲಿವೆ. ಅಜ್ಜಿಯ ಹೆಸರು ಕೊರೆದ ಪಾತ್ರೆಯನ್ನು ತೂಕಕ್ಕೆ ಮಾರಲು ಮನಸ್ಸಾಗದು. ನಾಲ್ಕು ಜನರ ಸಂಸಾರದಲ್ಲಿ ಅದನ್ನು ಒಲೆಗೇರಿಸುವ ಸಂದರ್ಭವೂ ಬಾರದು. ಅಂಥದೊಂದು ತಪ್ಪಲೆ ಮಠದ ಅಡುಗೆಮನೆಗೆ ಸೇರಿದರೆ ರಾಯರ ಆರಾಧನೆಯ ದಿನ ಅದರಲ್ಲಿ ನೂರು ಜನರ ಸಾರು ಕುದಿಯುತ್ತದೆ. ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಕೊರೆದ ಹೆಸರು ಹಾಗೆಯೇ ಇರುತ್ತದೆ. ಮಠಕ್ಕೂ ಒಂದು ಮಾತು ಸಲ್ಲುತ್ತದೆ: ಬಂದ ಪಾತ್ರೆ ಅಲ್ಲಿಯೂ ಅಟ್ಟವನ್ನೇ ಸೇರಿದರೆ ಕೊಟ್ಟವರ ಅಟ್ಟವೇನು ತಪ್ಪು ಮಾಡಿತ್ತು?

ಪರ್ಯಾಯದ ದಿನ, ಜನವರಿ 18ರ ನಸುಕಿನಲ್ಲಿ, ಪೀಠವೇರುವ ಶ್ರೀಪಾದರು ಕಾಪು ಸಮೀಪದ ದಂಡತೀರ್ಥದಲ್ಲಿ ಮಿಂದು, ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ರಥಬೀದಿಗೆ ಬರುತ್ತಾರೆ. ಕನಕನ ಕಿಂಡಿಯಲ್ಲಿ ಕೃಷ್ಣದರ್ಶನ, ಚಂದ್ರಮೌಳೀಶ್ವರ ಮತ್ತು ಅನಂತೇಶ್ವರರ ದರ್ಶನ ಮುಗಿಸಿ ಮಠದ ಬಾಗಿಲಿಗೆ ಬಂದಾಗ, ಎರಡು ವರ್ಷ ಪೂಜೆ ನಡೆಸಿದ ಶ್ರೀಪಾದರೇ ಅವರನ್ನು ಎದುರುಗೊಂಡು ಒಳಗೆ ಕರೆದೊಯ್ಯುತ್ತಾರೆ. ಆಮೇಲೆ ಹಸ್ತಾಂತರ. ಕೈಯಿಂದ ಕೈಗೆ ಬರುವುದು ಅಕ್ಷಯಪಾತ್ರೆ, ಬಡಿಸುವ ಸಟ್ಟುಗ ಮತ್ತು ಗರ್ಭಗುಡಿಯ ಕೀಲಿಕೈ. ಕೊಟ್ಟವರಿಗೆ ಅವು ಮತ್ತೆ ಸಿಗಬೇಕಾದರೆ ಹದಿನಾಲ್ಕು ವರ್ಷ ಕಳೆಯಬೇಕು. ಅತ್ತ ಸರೋವರದ ಬಳಿಯ ರಥದಿಂದ ಹೊಸ ಪರ್ಯಾಯದ ಒಲೆಗೆ ಕಟ್ಟಿಗೆ ಇಳಿಯತೊಡಗುತ್ತದೆ.