ಕಚೇರಿಯ ನಂಬಿಕೆ, ಮನೆಯ ಜಾಲ

ಒಂದೇ ಮನೆಯ ಎರಡು ಕಂಪ್ಯೂಟರುಗಳು ಒಂದೇ ರೂಟರಿಗೆ ಸೇರಿವೆ, ಎರಡರಲ್ಲೂ ಇಂಟರ್ನೆಟ್ ಸರಾಗವಾಗಿ ಬರುತ್ತಿದೆ. ಆದರೂ ಒಂದರ ಫೋಲ್ಡರ್ ಇನ್ನೊಂದಕ್ಕೆ ಕಾಣುವುದಿಲ್ಲ, ಪಕ್ಕದ ಕೋಣೆಯ ಪ್ರಿಂಟರ್ ಮಿಸುಕುವುದಿಲ್ಲ. ಬಲ್ಲವರು ಇದಕ್ಕೆ ಹೇಳುವ ಪರಿಹಾರಗಳ ಪಟ್ಟಿ ಎಷ್ಟೋ ವರ್ಷಗಳಿಂದ ಹೆಚ್ಚುಕಮ್ಮಿ ಅದೇ: ಎರಡರಲ್ಲೂ ವರ್ಕ್‌ಗ್ರೂಪಿನ ಹೆಸರು ಒಂದೇ ಇದೆಯೇ ನೋಡಿ, ಫೈರ್‌ವಾಲ್ ತಡೆಯುತ್ತಿದೆಯೇ ನೋಡಿ, ನೆಟ್‌ವರ್ಕನ್ನು 'ಪ್ರೈವೇಟ್' ಎಂದು ಗುರುತಿಸಿದ್ದೀರಾ ನೋಡಿ, ಬಳಕೆದಾರರ ಹೆಸರಿಗೆ ಪಾಸ್‌ವರ್ಡ್ ಇದೆಯೇ ನೋಡಿ, ಯಾವುದೂ ಆಗದಿದ್ದರೆ ಎಲ್ಲವನ್ನೂ ಆರಿಸಿ ಮತ್ತೆ ಹಾಕಿ. ಇವು ಒಂದಕ್ಕೊಂದು ಸಂಬಂಧವಿಲ್ಲದ ಚಿಲ್ಲರೆ ತೊಡಕುಗಳಂತೆ ತೋರುತ್ತವೆ. ಸಂಬಂಧವಿದೆ, ಅದು ಇತಿಹಾಸದ್ದು. ಒಳಗಿರುವವರೆಲ್ಲ ನಮ್ಮವರೇ ಎಂಬ ನಂಬಿಕೆಯ ಮೇಲೆ ಕಚೇರಿಗಳಿಗಾಗಿ ಕಟ್ಟಿದ ಒಂದು ಏರ್ಪಾಟು ಮನೆಗೆ ಬಂತು. ಬರುವ ಹೊತ್ತಿಗೆ ಮನೆಯ ತಂತಿ ಇಡೀ ಲೋಕಕ್ಕೆ ಸೇರಿಹೋಗಿತ್ತು. ಆಮೇಲೆ ಒಂದೊಂದು ಅನಾಹುತಕ್ಕೆ ಒಂದೊಂದು ಬೀಗ ಬಿತ್ತು. ಇಂದು ನಾವು 'ದುರಸ್ತಿ' ಎಂದುಕೊಂಡು ಮಾಡುವ ಕೆಲಸದ ಬಹುಪಾಲು ಆ ಬೀಗಗಳನ್ನು ಹುಡುಕಿ ತೆಗೆಯುವುದೇ.

ಹಂಚಿಕೆಯ ಮೂಲದಲ್ಲಿದ್ದದ್ದು ಔದಾರ್ಯವಲ್ಲ, ಮಿತವ್ಯಯ. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಲೇಸರ್ ಪ್ರಿಂಟರ್ ರೂಪಿಸಿದರು. ಅದೇ ಕೇಂದ್ರದ ಬಾಬ್ ಮೆಟ್‌ಕಾಫ್ 1973ರ ಮೇ ತಿಂಗಳ ಒಂದು ಟಿಪ್ಪಣಿಯಲ್ಲಿ, ಕಂಪ್ಯೂಟರುಗಳನ್ನು ಒಂದೇ ತಂತಿಗೆ ಜೋಡಿಸುವ ಈಥರ್ನೆಟ್‌ನ ರೂಪುರೇಷೆ ಬರೆದರು. ಒಬ್ಬೊಬ್ಬರ ಮೇಜಿನ ಮೇಲೂ ಆ ಕೇಂದ್ರದ ಆಲ್ಟೋ ಕಂಪ್ಯೂಟರ್ ಇಡಬಹುದಿತ್ತು, ಒಬ್ಬೊಬ್ಬರಿಗೂ ಲೇಸರ್ ಪ್ರಿಂಟರ್ ಕೊಡುವಂತಿರಲಿಲ್ಲ. ತಂತಿ ಬೇಕಾದದ್ದಕ್ಕೆ ಇದೊಂದು ದೊಡ್ಡ ಕಾರಣ. ಈ ಲೆಕ್ಕ 1985ರಲ್ಲೂ ಬದಲಾಗಿರಲಿಲ್ಲ. ಆ ವರ್ಷ ಆ್ಯಪಲ್ ಹೊರತಂದ ಲೇಸರ್‌ರೈಟರ್ ಬೆಲೆ 6,995 ಡಾಲರ್. ಅದರೊಳಗಿನ ಪ್ರೊಸೆಸರ್ ಅದಕ್ಕೆ ಕೆಲಸ ಕೊಡುತ್ತಿದ್ದ ಮ್ಯಾಕಿಂಟಾಷ್‌ನದಕ್ಕಿಂತ ವೇಗವಾಗಿತ್ತು. ಅಂಥದ್ದನ್ನು ಒಬ್ಬರಿಗಾಗಿ ಕೊಳ್ಳುವವರು ಯಾರು? ಹಾಗಾಗಿ ಅಗ್ಗದ ತಂತಿಯೊಂದರಲ್ಲಿ ಹಲವು ಮ್ಯಾಕ್‌ಗಳನ್ನು ಪೋಣಿಸಿ ನಡುವೆ ಒಂದು ಪ್ರಿಂಟರ್ ಇಡುವ ವ್ಯವಸ್ಥೆಯನ್ನೂ ಕಂಪನಿಯೇ ಮಾರಿತು. ಜೊತೆಗೆ ಕೊಡುತ್ತೇವೆಂದ ಫೈಲ್ ಸರ್ವರ್ ಮಾತ್ರ 1987ರವರೆಗೆ ಬರಲಿಲ್ಲ. ಮೊದಲು ಪ್ರಿಂಟರ್, ಆಮೇಲೆ ಫೈಲು: ಖರ್ಚು ಎಲ್ಲಿ ಹೆಚ್ಚೋ ಹಂಚಿಕೆ ಅಲ್ಲಿಂದಲೇ ಶುರುವಾಯಿತು. ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಎರಡು ಮೂರು ಕಂಪ್ಯೂಟರಿಗೆ ಒಂದೇ ಲೇಸರ್ ಪ್ರಿಂಟರ್ ಇರುತ್ತಿದ್ದುದಕ್ಕೂ ಬೇರೆ ಕಾರಣ ಹುಡುಕಬೇಕಿಲ್ಲ.

ಐಬಿಎಂ ಪಿಸಿಗಳ ಕಡೆ ನಡೆದದ್ದು ನಮ್ಮ ಇಂದಿನ ತೊಡಕುಗಳಿಗೆ ಇನ್ನೂ ಹತ್ತಿರದ್ದು. 1980ರ ದಶಕದ ಮೊದಲರ್ಧದಲ್ಲಿ ಸೈಟೆಕ್ ಎಂಬ ಕಂಪನಿ ಐಬಿಎಂಗಾಗಿ, ಒಂದೇ ತಂತಿಯ ಯಂತ್ರಗಳು ಹೆಸರು ಹಿಡಿದು ಮಾತಾಡಿಕೊಳ್ಳುವ ಕ್ರಮವಾದ ನೆಟ್‌ಬಯೋಸ್ ಮಾಡಿಕೊಟ್ಟಿತು. ಐಬಿಎಂನ ಬ್ಯಾರಿ ಫೈಗನ್‌ಬಾಮ್ ಫೈಲು, ಪ್ರಿಂಟರುಗಳನ್ನು ದೂರದಿಂದ ಬಳಸುವ ಎಸ್‌ಎಂಬಿ ಎಂಬ ವ್ಯವಹಾರ ಕ್ರಮವನ್ನು ರೂಪಿಸಿದರು. ನೆಟ್‌ಬಯೋಸ್‌ನಲ್ಲಿ ಹೆಸರುಗಳ ಕಡತ ಇಟ್ಟುಕೊಳ್ಳುವ ಯಜಮಾನ ಯಂತ್ರ ಬೇಕೆಂದೇನೂ ಇರಲಿಲ್ಲ. ಕಂಪ್ಯೂಟರ್ ಎಚ್ಚೆತ್ತ ಕೂಡಲೇ ತಂತಿಯಲ್ಲಿರುವ ಎಲ್ಲರಿಗೂ ಕೇಳುವಂತೆ 'ನನ್ನ ಹೆಸರು ಇದು, ಇದೇ ಹೆಸರಿನವರು ಬೇರೆ ಯಾರಾದರೂ ಇದ್ದೀರಾ' ಎಂದು ವಿಚಾರಿಸುತ್ತಿತ್ತು. ಯಾರೂ ಆಕ್ಷೇಪಿಸದಿದ್ದರೆ ಹೆಸರು ಅದರದ್ದಾಯಿತು. ಹೆಸರಿಗೆ 16 ಬೈಟ್ ಜಾಗ, ಕೊನೆಯದು ಸೇವೆಯ ಗುರುತಿಗೆ ಮೀಸಲು. ವಿಂಡೋಸ್ ಹಂಚಿಕೆಯಲ್ಲಿ ಕಂಪ್ಯೂಟರಿನ ಹೆಸರು 15 ಅಕ್ಷರ ಮೀರಬಾರದೆಂಬ ಕಟ್ಟುಪಾಡು ಬಂದದ್ದು ಅಲ್ಲಿಂದ. 1992ರ ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್ ಇದರ ಮೇಲೆ ಇನ್ನೊಂದು ಅಂತಸ್ತು ಏರಿಸಿತು. ಅಕ್ಕಪಕ್ಕದ ಯಂತ್ರಗಳ ಪಟ್ಟಿಯನ್ನು ಯಾರು ಇಟ್ಟುಕೊಳ್ಳಬೇಕೆಂದು ಯಂತ್ರಗಳೇ ತಮ್ಮೊಳಗೆ ಚುನಾವಣೆ ನಡೆಸುತ್ತಿದ್ದವು. ಗೆದ್ದ ಯಂತ್ರಕ್ಕೆ ಉಳಿದವು ಸುಮಾರು 12 ನಿಮಿಷಕ್ಕೊಮ್ಮೆ 'ಇದ್ದೇನೆ' ಎಂದು ಹೇಳಬೇಕಿತ್ತು. ಮೂರು ಸರದಿ ತಪ್ಪಿದರೆ ಹೆಸರು ಹೋಗುತ್ತಿತ್ತು. ಪಟ್ಟಿಯ ಪ್ರತಿ ಇಟ್ಟುಕೊಂಡ ಯಂತ್ರ 15 ನಿಮಿಷಕ್ಕೊಮ್ಮೆ ಹೊಸದನ್ನು ತರಿಸಿಕೊಳ್ಳುತ್ತಿತ್ತು. ಕೂಡಿದರೆ 51 ನಿಮಿಷ. ಅಂದರೆ ಪ್ಲಗ್ ಕಿತ್ತ ಕಂಪ್ಯೂಟರ್ ಮುಕ್ಕಾಲು ಗಂಟೆಯ ಮೇಲೂ ಪಟ್ಟಿಯಲ್ಲಿ ಕುಳಿತಿರಬಹುದಿತ್ತು, ಆಗಷ್ಟೇ ಹಾಕಿದ್ದು ಕಾಣದಿರಬಹುದಿತ್ತು. 'ಮತ್ತೆ ಆರಿಸಿ ಹಾಕಿದೆ, ಬಂತು' ಎಂದು ಹಿಗ್ಗಿದವರಲ್ಲಿ ಎಷ್ಟೋ ಜನರಿಗೆ ನೆರವಾದದ್ದು ಹೊಸ ಚುನಾವಣೆ, ಇಲ್ಲವೇ ಬರೀ ಕಾಲಹರಣ.

ಈ ಕೂಗಾಟ ಒಂದು ಕಚೇರಿಯ ತಂತಿಯೊಳಗೆ ಉಳಿದಿದ್ದರೆ ಅಪಾಯವಿರಲಿಲ್ಲ, ಏಕೆಂದರೆ ಅದು ರೂಟರ್ ದಾಟುತ್ತಿರಲಿಲ್ಲ. ಆದರೆ 1987ರಲ್ಲೇ ನೆಟ್‌ಬಯೋಸನ್ನು ಇಂಟರ್ನೆಟ್ ನಡೆಯುವ ಟಿಸಿಪಿ/ಐಪಿ ಮೇಲೆ ಓಡಿಸುವ ಕ್ರಮವೂ ಪ್ರಕಟವಾಗಿತ್ತು. 1995ರ ನಂತರ ವಿಂಡೋಸ್ ಮನೆಗಳಿಗೆ ಬಂತು, ಹಿಂದೆಯೇ ಕೇಬಲ್ ಮೋಡೆಮ್ ಬಂತು. ವಠಾರದೊಳಗೆ ಚಿಲಕವಿಲ್ಲದೆ ಬದುಕಿದ್ದ ಮನೆಯನ್ನು ಎತ್ತಿ ಹೆದ್ದಾರಿಯ ಪಕ್ಕ ಇಟ್ಟಂತಾಯಿತು. ಅಮೆರಿಕದ ಕೇಬಲ್ ಗ್ರಾಹಕರಿಗೆ ನೆರೆಯವರ ಫೋಲ್ಡರುಗಳು ತೆರೆದಿಟ್ಟಂತೆ ಕಂಡವು. ಪಾಸ್‌ವರ್ಡ್ ಇಟ್ಟವರೂ ಕ್ಷೇಮವಾಗಿರಲಿಲ್ಲ. ಎಷ್ಟು ಅಕ್ಷರ ಪರೀಕ್ಷಿಸಬೇಕೆಂಬುದನ್ನು ಕೇಳಲು ಬಂದವನ ಮಾತಿಗೇ ಬಿಟ್ಟ ದೋಷವೊಂದು ವಿಂಡೋಸ್ 95 ಮತ್ತು 98ರಲ್ಲಿದೆಯೆಂದು 2000ದಲ್ಲಿ ಬಯಲಾಯಿತು. ಮೊದಲ ಅಕ್ಷರ ಸರಿಯಿದ್ದರೆ ಬಾಗಿಲು ತೆರೆಯುತ್ತಿತ್ತು. 2001ರ ಎಕ್ಸ್‌ಪಿ, ಪಾಸ್‌ವರ್ಡ್ ಇಲ್ಲದ ಖಾತೆಗೆ ಜಾಲದ ಮೂಲಕ ಪ್ರವೇಶವನ್ನೇ ನಿಲ್ಲಿಸಿತು. ಆದರೆ ಮನೆಯವರಿಗೆ ಸುಲಭವಾಗಲೆಂದು, ಜಾಲದಿಂದ ಬಂದವರೆಲ್ಲರನ್ನೂ 'ಗೆಸ್ಟ್' ಎಂದು ಒಳಬಿಡುವ ಸರಳ ಹಂಚಿಕೆಯನ್ನೂ ಇಟ್ಟಿತು. ಒಂದು ಕೈ ಬೀಗ ಹಾಕಿದರೆ ಇನ್ನೊಂದು ಕೈ ಕಿಟಕಿ ತೆರೆದಿತ್ತು. 2003ರಲ್ಲಿ ಬ್ಲಾಸ್ಟರ್ ಹುಳು ಹಬ್ಬಿತು, 2004ರ ಎರಡನೆಯ ಸರ್ವಿಸ್ ಪ್ಯಾಕ್ ಫೈರ್‌ವಾಲನ್ನು ತಾನಾಗಿಯೇ ಚಾಲೂ ಮಾಡಿತು. ವರ್ಕ್‌ಗ್ರೂಪಿನ ಗೊಂದಲದ ಕಥೆ ಮಾತ್ರ ಬೇರೆ, ಅದರಲ್ಲಿ ಭದ್ರತೆಯ ಪ್ರಶ್ನೆಯೇ ಇಲ್ಲ: ಎಕ್ಸ್‌ಪಿಯ ಹೋಮ್ ಆವೃತ್ತಿ ತಾನಾಗಿ 'ಎಂಎಸ್‌ಹೋಮ್' ಎಂದು ಹೆಸರಿಟ್ಟುಕೊಳ್ಳುತ್ತಿತ್ತು, ಆಮೇಲೆ ಬಂದ ವಿಸ್ತಾ 'ವರ್ಕ್‌ಗ್ರೂಪ್' ಎಂದು.

ಇದೆಲ್ಲ ವಿಂಡೋಸ್ ಮಾಡುವ ಒಂದು ಕಂಪನಿಯ ಅಲಕ್ಷ್ಯವಲ್ಲವೇ, ಇತಿಹಾಸದ ತಲೆಗೇಕೆ ಕಟ್ಟಬೇಕು ಎಂದು ಕೇಳಬಹುದು. ಅಲಕ್ಷ್ಯ ಇದ್ದೇ ಇತ್ತು, ಪಾಸ್‌ವರ್ಡಿನ ದೋಷಕ್ಕೆ ಬೇರೆ ಹೆಸರಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಹುಳು ಎಸ್‌ಎಂಬಿಯ ಮೊದಲ ಆವೃತ್ತಿಯ ಮೂಲಕ ನುಗ್ಗಿದಾಗ ಅದರ ತೇಪೆ ಬಂದು ಎರಡು ತಿಂಗಳಾಗಿತ್ತು, ನಿಜ; ಆದರೆ ಅಷ್ಟು ಹಳೆಯ ಆವೃತ್ತಿಯನ್ನು ಅಲ್ಲಿಯವರೆಗೆ ಸದಾ ಚಾಲೂ ಇಟ್ಟದ್ದೂ ನಿಜ. ಹಾಗಿದ್ದರೂ ಇದು ಆ ಕಂಪನಿಯೊಂದರ ಕಥೆಯಲ್ಲ. ಆ್ಯಪಲ್‌ನ ಹಳೆಯ ಜಾಲ ಅಷ್ಟು ಸಲೀಸಾಗಿ ಓಡಿದ್ದು ಅದರ ತಂತಿ ಹೊರಲೋಕ ಕಾಣದ್ದಾಗಿದ್ದರಿಂದ. 2002ರಲ್ಲಿ ಆ್ಯಪಲ್ ತಂದ, ಈಗ ಬಾಂಜೂರ್ ಎನಿಸಿಕೊಂಡಿರುವ ವ್ಯವಸ್ಥೆ ಕೂಡ ಸ್ಥಳೀಯ ಜಾಲದವರಿಗೆಲ್ಲ ಕೂಗಿ ಹೇಳುವ ಪದ್ಧತಿಯನ್ನೇ ನೆಚ್ಚಿದೆ. ರೂಟರ್ ಅತಿಥಿಗಳನ್ನು ಬೇರೆ ಜಾಲದಲ್ಲಿಟ್ಟರೆ ಅವರ ಐಫೋನಿಗೂ ಪ್ರಿಂಟರ್ ಕಾಣುವುದಿಲ್ಲ. ಕ್ಯಾನ್‌ಬೆರಾದ ಆ್ಯಂಡ್ರೂ ಟ್ರಿಜೆಲ್ 1991-92ರ ಹೊತ್ತಿಗೆ ಶುರುಮಾಡಿದ ಸಾಂಬಾ ಮುಕ್ತ ತಂತ್ರಾಂಶ. ತಂತಿಯಲ್ಲಿ ಹರಿಯುವುದನ್ನು ಗಮನಿಸಿಯೇ ಅವರು ಎಸ್‌ಎಂಬಿಯ ವ್ಯವಹಾರವನ್ನು ಅರ್ಥಮಾಡಿಕೊಂಡರು. ಬೇರೆ ಕೈಗಳು ಬರೆದ ಆ ತಂತ್ರಾಂಶವೂ ಹೆಸರು ಕೂಗುವುದನ್ನು, ಚುನಾವಣೆಗೆ ನಿಲ್ಲುವುದನ್ನು ಕಲಿಯಬೇಕಾಯಿತು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಪ್ರಿಂಟರಿಗೇ ವೈಫೈ ಬಂದಿದೆ, ಫೈಲುಗಳು ಕ್ಲೌಡಿಗೆ ಹೋಗಿವೆ, ಇದು ಮುಗಿದ ಕಥೆಯಲ್ಲವೇ? ಅರ್ಧ ಒಪ್ಪಬೇಕು. ಮಧ್ಯದ ಕಂಪ್ಯೂಟರ್ ಹೋದದ್ದರಿಂದ ಒಂದು ಕಾಟ ತಪ್ಪಿತು. ಆದರೆ ದೂರದ ಯಂತ್ರವನ್ನು ನೆಚ್ಚಿದ ಗೂಗಲ್ ಕ್ಲೌಡ್ ಪ್ರಿಂಟ್ 2020ರ ಡಿಸೆಂಬರ್ 31ಕ್ಕೆ ಮುಚ್ಚಿತು. ಮನೆಯವರ ಹಂಚಿಕೆ ಸುಲಭವಾಗಲೆಂದೇ 2009ರಲ್ಲಿ ವಿಂಡೋಸ್ 7 ತಂದ ಹೋಮ್‌ಗ್ರೂಪ್ 2018ರಲ್ಲಿ ಕಣ್ಮರೆಯಾಗಿತ್ತು. 2021ರಲ್ಲಿ ಪ್ರಿಂಟ್ ಸ್ಪೂಲರ್‌ನ ದೋಷಗಳಿಗೆ ತೇಪೆ ಹಾಕುವ ಸರಣಿಯಲ್ಲಿ ಅನೇಕ ಹಂಚಿಕೆಯ ಪ್ರಿಂಟರುಗಳು ಒಮ್ಮೆಗೇ ಮುನಿಸಿಕೊಂಡವು. 2024ರ ವಿಂಡೋಸ್ 11 ಪರಿಷ್ಕರಣೆಯ ಪ್ರೊ ಆವೃತ್ತಿ ಎಸ್‌ಎಂಬಿಯ ಪ್ರತಿ ಸಂದೇಶಕ್ಕೂ ಸಹಿ ಕೇಳುತ್ತದೆ, 'ಗೆಸ್ಟ್' ಆಗಿ ಹೋಗಲು ಒಪ್ಪುವುದಿಲ್ಲ. ಮನೆಯ ಹಾಡು, ಚಿತ್ರಗಳನ್ನು ತುಂಬಿಕೊಂಡು ಯಾರಿಗೂ ಹೆಸರು ಕೇಳದೆ ಕೊಡುತ್ತಿದ್ದ ಹಳೆಯ ನ್ಯಾಸ್ ಪೆಟ್ಟಿಗೆಗೆ ಈಗ ಬಳಕೆದಾರರ ಖಾತೆ ತೆರೆದು ಪಾಸ್‌ವರ್ಡ್ ಕೊಡಬೇಕು. ಸಹಿ ಹಾಕಲು ಬಾರದಷ್ಟು ಹಳೆಯದಾಗಿದ್ದರೆ ಅದನ್ನು ಬದಲಿಸಬೇಕು, ಇಲ್ಲವೇ ಮನೆಯ ಕಂಪ್ಯೂಟರಿನಲ್ಲೇ ಈ ಬೀಗವನ್ನು ಕೈಯಾರೆ ಸಡಿಲಿಸಬೇಕು.